ಅಕ್ವೇರಿಯಂ ಫೋಟೋಗ್ರಫಿ: ಕಡಿಮೆ ಖರ್ಚಿನಲ್ಲಿ ಕ್ಯಾಮೆರಾ, ಮ್ಯಾಕ್ರೋ ಲೆನ್ಸ್ ಆರಿಸುವುದು ಹೇಗೆ?

ಮನೆಯ ಹಾಲ್‌ನಲ್ಲಿ ಎರಡಡಿ ಉದ್ದದ ಅಕ್ವೇರಿಯಂ. ಒಳಗೆ ನಿಯಾನ್ ಟೆಟ್ರಾಗಳ ಗುಂಪು, ಮೂರ್ನಾಲ್ಕು ಗಪ್ಪಿ, ಗಿಡದ ಬುಡದಲ್ಲಿ ಒಂದೆರಡು ಸಿಗಡಿ. ನೋಡಲು ಕಣ್ಣಿಗೆ ಹಬ್ಬ. ಊರಲ್ಲಿರುವ ಅಮ್ಮನಿಗೆ ವಾಟ್ಸಾಪ್‌ನಲ್ಲಿ ಕಳಿಸೋಣವೆಂದು ಮೊಬೈಲ್ ತೆಗೆದು ಕ್ಲಿಕ್ಕಿಸಿದರೆ ಬರುವುದೇನು? ಒಂದು ಕೆಂಪು ಗೆರೆ, ಗಾಜಿನ ಮೇಲೆ ಟ್ಯೂಬ್‌ಲೈಟ್‌ನ ಪ್ರತಿಬಿಂಬ, ಜೊತೆಗೆ ಮೊಬೈಲ್ ಹಿಡಿದು ನಿಂತ ನಮ್ಮದೇ ಹೊಟ್ಟೆ!

ಆಗಲೇ ತಲೆಯೊಳಗೆ ಹುಳ ಹೊಕ್ಕುವುದು: ಒಂದು ಒಳ್ಳೆಯ ಕ್ಯಾಮೆರಾ ಇದ್ದಿದ್ದರೆ? ರಾತ್ರಿ ಹನ್ನೆರಡರವರೆಗೆ ಯೂಟ್ಯೂಬ್ ನೋಡಿ, ಶಾಪಿಂಗ್ ತಾಣದ ಬುಟ್ಟಿಗೆ ಹೊಸ ಕ್ಯಾಮೆರಾ, ಅದಕ್ಕೊಂದು ಮ್ಯಾಕ್ರೋ ಲೆನ್ಸ್ ಹಾಕಿ ಒಟ್ಟು ಮೊತ್ತ ನೋಡಿದರೆ ಎರಡು ತಿಂಗಳ ಮನೆ ಬಾಡಿಗೆಗಿಂತ ಹೆಚ್ಚು. ನೀವೂ ಆ ಹಂತದಲ್ಲಿದ್ದರೆ ಸ್ವಲ್ಪ ತಡೆಯಿರಿ. ಹಣ ಕಟ್ಟುವ ಮುನ್ನ ಒಂದು ಸ್ಕೇಲ್ ತೆಗೆದುಕೊಂಡು ನಿಮ್ಮ ಮೀನಿನ ಉದ್ದ ಎಷ್ಟೆಂದು ಅಂದಾಜು ಮಾಡಿ. ನಿಮಗೆ ಯಾವ ಲೆನ್ಸ್ ಬೇಕು ಎಂಬುದಕ್ಕೆ ಮುಕ್ಕಾಲು ಪಾಲು ಉತ್ತರ ಅಲ್ಲೇ ಸಿಗುತ್ತದೆ.

ನಾನು ಮಾಡಿದ ತಪ್ಪು

ಡೊಂಬಿವಲಿಯ ನಮ್ಮ ಮನೆಯಲ್ಲಿ ಒಂದು ಕೆಂಪು ಫೈಟರ್ ಮೀನಿತ್ತು. ಬೆಟ್ಟಾ ಎಂದೂ ಕರೆಯುತ್ತಾರಲ್ಲ, ಅದೇ. ಮಗಳು ಅದಕ್ಕೆ ಕೆಂಚ ಎಂದು ಹೆಸರಿಟ್ಟಿದ್ದಳು. ಅವಳು ಶಾಲೆಯಿಂದ ಬಂದು ಬ್ಯಾಗ್ ಇಡುವ ಮೊದಲೇ ಕೆಂಚ ಗಾಜಿನ ಬಳಿ ಬಂದು ಕಿವಿರು ಅರಳಿಸುತ್ತಿತ್ತು. ಅದರದ್ದೊಂದು ಒಳ್ಳೆಯ ಫೋಟೋ ತೆಗೆದು ಫ್ರೇಮ್ ಹಾಕಿಸಿ ಕೊಡುತ್ತೇನೆ ಎಂದು ಮಾತು ಕೊಟ್ಟು, ಕೂಡಿಟ್ಟ ಹಣವನ್ನೆಲ್ಲ ಸುರಿದು ಹೊಸ ಡಿಎಸ್ಎಲ್ಆರ್ ತಂದೆ. ಜೊತೆಗೆ ಬಂದದ್ದು ಮಾಮೂಲಿ 18-55 ಎಂಎಂ ಕಿಟ್ ಲೆನ್ಸ್.

ಮೊದಲ ವಾರದ ಫೋಟೋಗಳೆಲ್ಲ ಮಸುಕು. 'ಮೀನಿಗೆ ಮ್ಯಾಕ್ರೋ ಲೆನ್ಸೇ ಬೇಕು, ಇದರಲ್ಲಿ ಆಗಲ್ಲ ಸಾರ್' ಎಂದರು ತಿಳಿದವರೊಬ್ಬರು. ಸರಿ, ಮ್ಯಾಕ್ರೋ ಲೆನ್ಸಿಗೆ ಹಣ ಕೂಡಿಡಲು ಶುರು ಮಾಡಿದೆ. ಕ್ಯಾಮೆರಾ ಕಪಾಟು ಸೇರಿತು. ಫೈಟರ್ ಮೀನಿನ ಆಯುಷ್ಯ ಸಾಮಾನ್ಯವಾಗಿ ಎರಡು, ಮೂರು ವರ್ಷ. ನಾವು ತರುವಾಗಲೇ ಅದು ಬೆಳೆದ ಮೀನು. ಲೆನ್ಸಿಗೆ ಹಣ ಕೂಡುವ ಮುನ್ನವೇ ಕೆಂಚ ಹೋಯಿತು. ಉಳಿದದ್ದು ಮೊಬೈಲ್‌ನಲ್ಲಿ ತೆಗೆದ ಹತ್ತಾರು ಕೆಂಪು ಗೆರೆಗಳು.

ನಿಜವಾಗಿ ಹೊಟ್ಟೆ ಉರಿದದ್ದು ಆಮೇಲೆ. ಲೆನ್ಸಿನ ಲೆಕ್ಕ ಕಲಿತ ಮೇಲೆ ಗೊತ್ತಾಯಿತು, ಆರು ಸೆಂಟಿಮೀಟರ್ ಉದ್ದದ ಆ ಮೀನಿಗೆ ಕಪಾಟಿನಲ್ಲಿದ್ದ ಕಿಟ್ ಲೆನ್ಸೇ ಸಾಕಿತ್ತು. ಬೇಕಿದ್ದದ್ದು ತೊಟ್ಟಿಯ ಮೇಲಿಂದ ಬೀಳುವ ಬೆಳಕು. ಆ ಲೆಕ್ಕವನ್ನೇ ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಮ್ಯಾಕ್ರೋ ಅಂದರೆ ಏನು? ಸರಳ ಲೆಕ್ಕ

ಪ್ರತಿ ಲೆನ್ಸಿನ ವಿವರಪಟ್ಟಿಯಲ್ಲೂ 'ಮ್ಯಾಕ್ಸಿಮಮ್ ಮ್ಯಾಗ್ನಿಫಿಕೇಶನ್' ಎಂಬ ಸಾಲು ಇರುತ್ತದೆ. ವಸ್ತುವನ್ನು ಅದರ ನಿಜವಾದ ಗಾತ್ರದಲ್ಲೇ ಸೆನ್ಸರ್ ಮೇಲೆ ಮೂಡಿಸಿದರೆ ಅದು 1:1, ಅಂದರೆ ಪೂರ್ಣ ಮ್ಯಾಕ್ರೋ. ಅರ್ಧ ಗಾತ್ರದಲ್ಲಿ ಮೂಡಿಸಿದರೆ 1:2 ಅಥವಾ 0.5.

ಸೂತ್ರ ಇಷ್ಟೇ: ಸೆನ್ಸರಿನ ಅಗಲವನ್ನು ಮ್ಯಾಗ್ನಿಫಿಕೇಶನ್‌ನಿಂದ ಭಾಗಿಸಿದರೆ, ಫೋಟೋದ ಚೌಕಟ್ಟಿನೊಳಗೆ ಎಷ್ಟು ಅಗಲದ ಜಾಗ ತುಂಬುತ್ತದೆ ಎಂಬುದು ಸಿಗುತ್ತದೆ. ಕ್ಯಾನನ್‌ನ ಸಾಮಾನ್ಯ ಡಿಎಸ್ಎಲ್ಆರ್‌ಗಳಲ್ಲಿರುವ ಎಪಿಎಸ್-ಸಿ ಸೆನ್ಸರಿನ ಅಗಲ 22.3 ಮಿಲಿಮೀಟರ್. ನಿಕಾನ್, ಸೋನಿಗಳದ್ದು ಒಂದು ಮಿಲಿಮೀಟರ್‌ನಷ್ಟು ಹೆಚ್ಚು. ಕ್ಯಾನನ್‌ನ 18-55 ಐಎಸ್ ಎಸ್‌ಟಿಎಂ ಕಿಟ್ ಲೆನ್ಸಿನ ಮ್ಯಾಗ್ನಿಫಿಕೇಶನ್ 0.36. ಭಾಗಿಸಿ ನೋಡಿ: ಸುಮಾರು 62 ಮಿಲಿಮೀಟರ್. ಅಂದರೆ 55 ಎಂಎಂಗೆ ಜೂಮ್ ಮಾಡಿ, ಫೋಕಸ್ ಆಗುವಷ್ಟು ಹತ್ತಿರ ಹೋದರೆ, ಆರು ಸೆಂಟಿಮೀಟರ್ ಮೀನು ಮೂಗಿನಿಂದ ಬಾಲದ ತುದಿಯವರೆಗೆ ಫೋಟೋ ತುಂಬ ಬರುತ್ತದೆ.

ಈ ಲೆಕ್ಕದಲ್ಲಿ ಮನೆಯ ಮೀನುಗಳಿಗೆ ಬೇಕಾದದ್ದು ಇಷ್ಟು:

* ಏಂಜಲ್, ಡಿಸ್ಕಸ್, ಗೋಲ್ಡ್ ಫಿಶ್‌ನಂತಹ 10ರಿಂದ 15 ಸೆಂ.ಮೀ. ಮೀನುಗಳಿಗೆ 0.15ರಿಂದ 0.2. ಕಿಟ್ ಲೆನ್ಸ್ ಧಾರಾಳ ಸಾಕು.
* ಫೈಟರ್, ಸಣ್ಣ ಗೌರಾಮಿಯಂತಹ 6-7 ಸೆಂ.ಮೀ. ಮೀನುಗಳಿಗೆ 0.3ರಿಂದ 0.35. ಈಗಲೂ ಕಿಟ್ ಲೆನ್ಸ್ ಸಾಕು.
* ನಿಯಾನ್ ಟೆಟ್ರಾ, ಗಂಡು ಗಪ್ಪಿಯಂತಹ 3-4 ಸೆಂ.ಮೀ. ಮೀನುಗಳಿಗೆ 0.5ರಿಂದ 0.6. ಪೂರ್ಣ ಮ್ಯಾಕ್ರೋ ಬೇಡ, ಅದರ ಅರ್ಧ ಸಾಕು.
* 2-3 ಸೆಂ.ಮೀ. ಇರುವ ಚೆರ್ರಿ ಸಿಗಡಿಗೆ 0.8ರಿಂದ 1.
* ಮೊಟ್ಟೆ, ಆಗಷ್ಟೇ ಹೊರಬಂದ ಮರಿ, ಮೀನಿನ ಕಣ್ಣು ಅಥವಾ ಹುರುಪೆಯ ವಿವರಕ್ಕೆ 1:1 ಅಥವಾ ಅದಕ್ಕೂ ಹೆಚ್ಚು.

ಪಶ್ಚಿಮಘಟ್ಟದ ಹೊಳೆಗಳ ಮೀನಾದ 'ಮಿಸ್ ಕೇರಳ', ಅಂದರೆ ಡೆನಿಸನ್ ಬಾರ್ಬ್, ಬೆಳೆದರೆ 15 ಸೆಂ.ಮೀ.ವರೆಗೂ ಹೋಗುತ್ತದೆ. ಅದಕ್ಕೂ ಮ್ಯಾಕ್ರೋ ಲೆನ್ಸಿನ ಅಗತ್ಯವಿಲ್ಲ. ನಿಜವಾದ ಮ್ಯಾಕ್ರೋ ಲೆನ್ಸ್ ಬೇಕಾಗುವುದು ಪಟ್ಟಿಯ ಕೊನೆಯ ಎರಡು ಸಾಲುಗಳಿಗೆ ಮಾತ್ರ. ಸಿಗಡಿ ಸಾಕುವವರು, ಮರಿ ಮಾಡಿಸುವವರು ಅದಕ್ಕೆ ಹಣ ಹಾಕಲಿ. ಉಳಿದವರು ಇನ್ನೂ ಅಗ್ಗದ ದಾರಿ ಹಿಡಿಯಬಹುದು.

ಕ್ಯಾಮೆರಾ: ಹಳೆಯದೇ ಸಾಕು

ಕ್ಯಾಮೆರಾ ಹೊಸದಿರಬೇಕು, ಮೆಗಾಪಿಕ್ಸೆಲ್ ಹೆಚ್ಚಿರಬೇಕು ಎಂಬುದು ಮೊದಲ ಮೋಹ. 24 ಮೆಗಾಪಿಕ್ಸೆಲ್ ಫೋಟೋದಲ್ಲಿ ಅಡ್ಡಕ್ಕೆ 6000 ಪಿಕ್ಸೆಲ್ ಇರುತ್ತವೆ. ಇಂಚಿಗೆ 300 ಚುಕ್ಕೆಯಂತೆ ಪ್ರಿಂಟ್ ಹಾಕಿಸಿದರೂ 20 ಇಂಚು ಅಗಲ ಬರುತ್ತದೆ. ಮೊಬೈಲ್ ಪರದೆಗೆ, ಗೋಡೆಯ ಫ್ರೇಮ್‌ಗೆ ಅದರ ಅರ್ಧವೂ ಸಾಕು. ಹಾಗಾಗಿ ಐದು, ಎಂಟು, ಹತ್ತು ವರ್ಷ ಹಳೆಯ ಡಿಎಸ್ಎಲ್ಆರ್ ಆದರೂ ಅಡ್ಡಿಯಿಲ್ಲ. ಈಗ ಅನೇಕರು ಮಿರರ್‌ಲೆಸ್ ಕ್ಯಾಮೆರಾಕ್ಕೆ ಹೋಗುತ್ತಿರುವುದರಿಂದ ಹಳೆಯ ಡಿಎಸ್ಎಲ್ಆರ್‌ಗಳು, ಅವುಗಳ ಲೆನ್ಸ್‌ಗಳು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುತ್ತಿವೆ.

ಆದರೆ ಕೊಳ್ಳುವಾಗ ನಾಲ್ಕು ವಿಷಯ ನೋಡಲೇಬೇಕು.

1. ಮ್ಯಾನುಯಲ್ ಮೋಡ್ ಇರಬೇಕು. ಶಟರ್, ಅಪರ್ಚರ್, ಐಎಸ್ಒ ಮೂರೂ ನಿಮ್ಮ ಕೈಯಲ್ಲಿರಬೇಕು. ಡಿಎಸ್ಎಲ್ಆರ್, ಮಿರರ್‌ಲೆಸ್‌ಗಳಲ್ಲಿ ಇದು ಇದ್ದೇ ಇರುತ್ತದೆ.

2. ಫ್ಲ್ಯಾಶ್ ಕೂರಿಸುವ ಹಾಟ್ ಶೂ ನೋಡಿ. ಅದರ ನಡುವೆ ಒಂದು ದುಂಡನೆಯ ಲೋಹದ ಚುಕ್ಕೆ ಇರುತ್ತದೆ. ಬೇರೆ ಕಂಪನಿಯ ಅಗ್ಗದ ಫ್ಲ್ಯಾಶ್ ಟ್ರಿಗರ್‌ಗಳು ಕೆಲಸ ಮಾಡುವುದು ಆ ಚುಕ್ಕೆಯ ಮೂಲಕ. ಕ್ಯಾನನ್ 200ಡಿ ಮಾರ್ಕ್ 2ರಂತಹ ಕೆಲವು ಮಾದರಿಗಳಲ್ಲಿ ಆ ಚುಕ್ಕೆಯೇ ಇಲ್ಲ. ಅಂತಹ ಕ್ಯಾಮೆರಾ ಈಗಾಗಲೇ ನಿಮ್ಮಲ್ಲಿದ್ದರೆ ಚಿಂತೆ ಬೇಡ, ದಾರಿಯಿದೆ, ಮುಂದೆ ಹೇಳುತ್ತೇನೆ. ಹೊಸದಾಗಿ ಕೊಳ್ಳುವವರು ಮಾತ್ರ ನೋಡಿಯೇ ಕೊಳ್ಳಿ.

3. ನಿಕಾನ್ ಕೊಳ್ಳುವವರು ಫೋಕಸ್ ಮೋಟಾರ್ ವಿಚಾರಿಸಿ. ಡಿ3000 ಮತ್ತು ಡಿ5000 ಸರಣಿಯ ಕ್ಯಾಮೆರಾಗಳಲ್ಲಿ, ಅಂದರೆ ಡಿ3400, ಡಿ5300 ಇತ್ಯಾದಿಗಳಲ್ಲಿ, ಬಾಡಿಯೊಳಗೆ ಮೋಟಾರ್ ಇಲ್ಲ. ನಿಕಾನ್‌ನ ಹಳೆಯ 'ಎಎಫ್-ಡಿ' ಮ್ಯಾಕ್ರೋ ಲೆನ್ಸ್ ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಇವುಗಳಲ್ಲಿ ಆಟೋಫೋಕಸ್ ಆಗುವುದಿಲ್ಲ. ಡಿ90, ಡಿ7000, ಡಿ7100, ಡಿ7200ಗಳಲ್ಲಿ ಮೋಟಾರ್ ಇದೆ. ಕ್ಯಾನನ್‌ನಲ್ಲಿ ಈ ತಲೆನೋವಿಲ್ಲ, ಅವರ ಇಎಫ್ ಆಟೋಫೋಕಸ್ ಲೆನ್ಸ್‌ಗಳಲ್ಲಿ ಮೋಟಾರ್ ಲೆನ್ಸಿನೊಳಗೇ ಇರುತ್ತದೆ.

4. ಈಗಾಗಲೇ ಮನೆಯಲ್ಲಿ ಅಥವಾ ಅಣ್ಣ, ಭಾವನ ಮನೆಯಲ್ಲಿ ಯಾವ ಕಂಪನಿಯ ಕ್ಯಾಮೆರಾ ಇದೆ ನೋಡಿ. ಅದೇ ಕಂಪನಿಯದ್ದನ್ನು ಕೊಂಡರೆ ಲೆನ್ಸ್, ಬ್ಯಾಟರಿ, ಚಾರ್ಜರ್ ಕೈಬದಲು ಮಾಡಿಕೊಳ್ಳಬಹುದು.

ಲೆನ್ಸಿನಲ್ಲಿ ಅಥವಾ ಕ್ಯಾಮೆರಾದಲ್ಲಿ 'ಇಮೇಜ್ ಸ್ಟೆಬಿಲೈಸೇಶನ್' ಇದೆಯೆಂದು ಹೆಚ್ಚು ಹಣ ಕೊಡಬೇಡಿ. ಅದು ನಿಮ್ಮ ಕೈನಡುಕವನ್ನು ತಡೆಯುತ್ತದೆ. ಮೀನಿನ ಓಟವನ್ನು ತಡೆಯುವುದಿಲ್ಲ!

ಲೆನ್ಸ್: ಅಗ್ಗದಿಂದ ದುಬಾರಿಯವರೆಗೆ ನಾಲ್ಕು ದಾರಿ

ದಾರಿ ಒಂದು: ಇರುವ ಕಿಟ್ ಲೆನ್ಸ್. ಖರ್ಚು ಸೊನ್ನೆ. 55 ಎಂಎಂಗೆ ಇಟ್ಟು ಅಪರ್ಚರ್ ಎಫ್/8ಕ್ಕೆ ತನ್ನಿ. ನಿಯಾನ್ ಟೆಟ್ರಾ ಕೂಡ ಚೌಕಟ್ಟಿನ ಅರ್ಧಕ್ಕಿಂತ ಹೆಚ್ಚು ಅಗಲ ತುಂಬುತ್ತದೆ. ಉಳಿದದ್ದನ್ನು ಕತ್ತರಿಸಿದರೆ ವಾಟ್ಸಾಪ್‌ಗೆ, ಫೇಸ್‌ಬುಕ್‌ಗೆ ಬೇಕಾದ್ದಕ್ಕಿಂತ ಹೆಚ್ಚೇ ಉಳಿಯುತ್ತದೆ. ಇಡೀ ತೊಟ್ಟಿಯ ಫೋಟೋಕ್ಕೂ ಇದೇ ಲೆನ್ಸ್ ಬೇಕು. ಹಾಗಾಗಿ ಇದನ್ನು ಮಾರಿಬಿಡಬೇಡಿ.

ದಾರಿ ಎರಡು: 50 ಎಂಎಂ ಎಫ್/1.8 ಲೆನ್ಸ್, ಜೊತೆಗೆ ಎಕ್ಸ್‌ಟೆನ್ಶನ್ ಟ್ಯೂಬ್. ಟ್ಯೂಬ್ ಎಂದರೆ ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಹಾಕುವ ಟೊಳ್ಳು ಉಂಗುರ, ಒಳಗೆ ಗಾಜು ಇರುವುದಿಲ್ಲ. ಉಂಗುರದ ದಪ್ಪವನ್ನು ಲೆನ್ಸಿನ ಎಂಎಂನಿಂದ ಭಾಗಿಸಿದರೆ ಎಷ್ಟು ಮ್ಯಾಗ್ನಿಫಿಕೇಶನ್ ಹೆಚ್ಚುತ್ತದೆ ಎಂದು ತಿಳಿಯುತ್ತದೆ. 50 ಎಂಎಂ ಲೆನ್ಸಿಗೆ 12 ಎಂಎಂ ಟ್ಯೂಬ್ ಹಾಕಿದರೆ 0.24 ಹೆಚ್ಚಾಯಿತು. ಕ್ಯಾನನ್ 50 ಎಂಎಂ ಎಸ್‌ಟಿಎಂನ ಸ್ವಂತ 0.21 ಸೇರಿದರೆ ಸುಮಾರು 0.45. ಅಂದರೆ 5ರಿಂದ 9 ಸೆಂಟಿಮೀಟರ್ ಅಗಲದ ಜಾಗವನ್ನು ಇದು ಹಿಡಿಯುತ್ತದೆ. ಹೆಚ್ಚಿನ ಮನೆ ಮೀನುಗಳಿಗೆ ಹೇಳಿ ಮಾಡಿಸಿದ ಅಳತೆ. ಟ್ಯೂಬ್ ಇರುವಷ್ಟು ಹೊತ್ತು ದೂರದ್ದು ಫೋಕಸ್ ಆಗುವುದಿಲ್ಲ ಎಂಬುದೊಂದೇ ಕೊರತೆ.

ಇಲ್ಲೊಂದು ಎಚ್ಚರಿಕೆ. ಟ್ಯೂಬ್‌ನ ಒಳಅಂಚಿನಲ್ಲಿ ಚಿನ್ನದ ಬಣ್ಣದ ವಿದ್ಯುತ್ ಸಂಪರ್ಕದ ಚುಕ್ಕೆಗಳು ಇರಬೇಕು. ಅವಿಲ್ಲದ ಬರೀ ಲೋಹದ ಉಂಗುರ ತೀರಾ ಅಗ್ಗ, ಆದರೆ ಇಂದಿನ ಲೆನ್ಸ್‌ಗಳಲ್ಲಿ ಅದನ್ನು ಹಾಕಿದರೆ ಅಪರ್ಚರ್ ಬದಲಿಸಲು ಬರುವುದಿಲ್ಲ, ಆಟೋಫೋಕಸ್ಸೂ ಇಲ್ಲ. ನೂರಿನ್ನೂರು ರೂಪಾಯಿ ಉಳಿಸಲು ಹೋಗಿ ಪೂರಾ ಹಣ ನೀರಿಗೆ ಹಾಕಿದಂತೆ.

ದಾರಿ ಮೂರು: ಕ್ಲೋಸ್‌ಅಪ್ ಲೆನ್ಸ್. 55-250 ಅಥವಾ 70-300ರಂತಹ ಜೂಮ್ ಲೆನ್ಸ್ ಇರುವವರು ಅದರ ಮೂತಿಗೆ ಸಿಕ್ಕಿಸುವ ರೇನಾಕ್ಸ್ ಡಿಸಿಆರ್-150 ಅಥವಾ ಡಿಸಿಆರ್-250 ನೋಡಬಹುದು. ಮೊದಲನೆಯದರ ಶಕ್ತಿ ಕಡಿಮೆ, ಮೀನಿಗೆ ಅದೇ ಅನುಕೂಲ. ಎರಡನೆಯದು ಸಿಗಡಿಗೆ, ಮರಿಗಳಿಗೆ. ನಾಲ್ಕು ತುಂಡುಗಳ ಸೆಟ್ ಎಂದು ಮಾರುವ ತೀರಾ ಅಗ್ಗದ ಗಾಜುಗಳಲ್ಲಿ ಫೋಟೋದ ಅಂಚು ಮಸುಕಾಗುತ್ತದೆ, ನೇರಳೆ ಗೆರೆ ಕಾಣುತ್ತದೆ.

ದಾರಿ ನಾಲ್ಕು: ನಿಜವಾದ ಮ್ಯಾಕ್ರೋ ಲೆನ್ಸ್, ಅದೂ ಸೆಕೆಂಡ್ ಹ್ಯಾಂಡ್. ಇಲ್ಲಿ ಎಂಎಂ ಮುಖ್ಯ. ನಿಕಾನ್ 40 ಎಂಎಂ ಮ್ಯಾಕ್ರೋ ಚಿಕ್ಕದು, ಚೊಕ್ಕದು. ಆದರೆ 1:1 ಬೇಕೆಂದರೆ ಲೆನ್ಸಿನ ಮೂತಿಯಿಂದ ಮೀನು ಮೂರೂವರೆ ಸೆಂಟಿಮೀಟರ್ ದೂರದಲ್ಲಿರಬೇಕು. ನಡುವೆ ಗಾಜು ಬೇರೆ. ಮೀನು ಗಾಜಿಗೆ ಅಂಟಿಕೊಂಡೇ ಇರಬೇಕಾಗುತ್ತದೆ. ಹಾಗಾಗಿ ಅಕ್ವೇರಿಯಂಗೆ 60ರಿಂದ 105 ಎಂಎಂ ಒಳಗಿನದ್ದು ವಾಸಿ. ಕ್ಯಾನನ್ ಇಎಫ್-ಎಸ್ 60 ಎಂಎಂ, ಕ್ಯಾನನ್ ಇಎಫ್ 100 ಎಂಎಂ ಎಫ್/2.8ರ ಹಳೆಯ, 'ಎಲ್' ಅಲ್ಲದ ಮಾದರಿ, ನಿಕಾನ್ 85 ಎಂಎಂ ಡಿಎಕ್ಸ್, ಟ್ಯಾಮ್ರಾನ್ 90 ಎಂಎಂ, ಟೋಕಿನಾ 100 ಎಂಎಂ. ಇವುಗಳಲ್ಲಿ ಯಾವುದು ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕರೂ ತೆಗೆದುಕೊಳ್ಳಿ, ಚಿತ್ರದ ಚೊಕ್ಕತನದಲ್ಲಿ ಯಾವುದೂ ಕಡಿಮೆಯಲ್ಲ. ನಿಕಾನ್‌ಗೆ ಬರುವ ಹಳೆಯ ಟೋಕಿನಾ 100ಕ್ಕೂ ಕ್ಯಾಮೆರಾದೊಳಗಿನ ಮೋಟಾರ್ ಬೇಕು ಎಂಬುದು ನೆನಪಿರಲಿ.

ಕೈಯಿಂದಲೇ ಫೋಕಸ್ ಮಾಡಲು ತಯಾರಿದ್ದರೆ ಇನ್ನೂ ಅಗ್ಗದ ದಾರಿಯಿದೆ. ನಿಕಾನ್‌ನ ಹಳೆಯ 55 ಎಂಎಂ ಎಫ್/2.8 ಮೈಕ್ರೋ ಲೆನ್ಸ್ 1:2ರವರೆಗೆ ಹೋಗುತ್ತದೆ. ಮೇಲಿನ ಪಟ್ಟಿ ನೋಡಿ, ಮೀನಿಗೆ ಅಷ್ಟು ಸಾಕು. ಅಗ್ಗದ ನಿಕಾನ್ ಬಾಡಿಗಳಲ್ಲಿ ಇದಕ್ಕೆ ಬೆಳಕಿನ ಮೀಟರ್ ಕೆಲಸ ಮಾಡುವುದಿಲ್ಲ, ಆದರೆ ಮ್ಯಾನುಯಲ್ ಫ್ಲ್ಯಾಶ್ ಬಳಸುವಾಗ ಮೀಟರ್ ಬೇಕಾಗುವುದೂ ಇಲ್ಲ. ಮಿರರ್‌ಲೆಸ್ ಕ್ಯಾಮೆರಾ ಇದ್ದವರಿಗೆ 7ಆರ್ಟಿಸಾನ್ಸ್ 60 ಎಂಎಂ ಮ್ಯಾಕ್ರೋದಂತಹ ಹೊಸ ಮ್ಯಾನುಯಲ್ ಲೆನ್ಸ್‌ಗಳೂ ಇವೆ.

ಎಫ್/2.8 ಎಂಬ ದೊಡ್ಡ ಅಪರ್ಚರ್ ನೋಡಿ ಮರುಳಾಗುವುದೂ ಬೇಡ. 1:2ರಲ್ಲಿ ಎಫ್/8 ಇಟ್ಟರೂ ಸ್ಪಷ್ಟವಾಗಿ ಕಾಣುವ ಆಳ ಎರಡು ಮಿಲಿಮೀಟರ್ ಆಸುಪಾಸು. ಎಫ್/2.8ರಲ್ಲಿ ಒಂದು ಮಿಲಿಮೀಟರ್ ಕೂಡ ಇಲ್ಲ. ಕಣ್ಣು ಸ್ಪಷ್ಟ, ಮೂಗು ಮಸುಕು. ಆದ್ದರಿಂದ ಎಷ್ಟೇ ಹಣ ಕೊಟ್ಟ ಲೆನ್ಸ್ ಆದರೂ ಮೀನಿನ ಮುಂದೆ ಅದು ಕೆಲಸ ಮಾಡುವುದು ಎಫ್/8ರಿಂದ ಎಫ್/11ರಲ್ಲೇ. ಅಷ್ಟು ಕಿರಿದಾದ ಅಪರ್ಚರ್‌ಗೆ ಬೇಕಾದ ಬೆಳಕು ಎಲ್ಲಿಂದ ಬರಬೇಕು?

ಎಲ್ಲಕ್ಕಿಂತ ಮೊದಲು ಬೆಳಕು

ಅಕ್ವೇರಿಯಂನ ಎಲ್ಇಡಿ ದೀಪ ನಮ್ಮ ಕಣ್ಣಿಗೆ ಪ್ರಖರ, ಕ್ಯಾಮೆರಾಕ್ಕೆ ಅಲ್ಲ. ಓಡುವ ಮೀನನ್ನು ನಿಲ್ಲಿಸಲು ಸೆಕೆಂಡಿನ 125ನೇ ಒಂದು ಭಾಗವಾದರೂ ಶಟರ್ ವೇಗ ಬೇಕು. ಎಫ್/8ರಲ್ಲಿ ಅಷ್ಟು ವೇಗ ಇಟ್ಟರೆ ಐಎಸ್ಒ ಏರಿಸಬೇಕು, ಫೋಟೋ ತುಂಬ ಕಾಳುಕಾಳು. ಅಗ್ಗದ ಎಲ್ಇಡಿ ದೀಪಗಳು ಮಿನುಗುವುದರಿಂದ ಫೋಟೋದಲ್ಲಿ ಅಡ್ಡಪಟ್ಟೆಗಳೂ ಬೀಳಬಹುದು. ನಮ್ಮ ಕರೆಂಟ್ 50 ಹರ್ಟ್ಸ್ ಆದ್ದರಿಂದ 1/50 ಅಥವಾ 1/100 ಶಟರ್‌ನಲ್ಲಿ ಪಟ್ಟೆ ಕಡಿಮೆಯಾಗುತ್ತದೆ, ಆದರೆ ಮೀನು ಮಸುಕಾಗುತ್ತದೆ. ಅತ್ತ ದರಿ, ಇತ್ತ ಪುಲಿ.

ಪರಿಹಾರ: ಕ್ಯಾಮೆರಾದಿಂದ ಬೇರೆಯಾಗಿಟ್ಟ ಒಂದು ಮ್ಯಾನುಯಲ್ ಫ್ಲ್ಯಾಶ್, ಅದನ್ನು ಹಾರಿಸಲು ಒಂದು ವೈರ್‌ಲೆಸ್ ಟ್ರಿಗರ್. ಗೋಡಾಕ್ಸ್ ಟಿಟಿ600, ಯೋಂಗ್‌ನುವೋ ವೈಎನ್560 ತರಹದ್ದು ಸಾಕು. ತನ್ನಷ್ಟಕ್ಕೆ ಬೆಳಕು ಅಳೆಯುವ ದುಬಾರಿ ಟಿಟಿಎಲ್ ಫ್ಲ್ಯಾಶ್ ಬೇಡ, ಏಕೆಂದರೆ ತೊಟ್ಟಿ ಓಡಿಹೋಗುವುದಿಲ್ಲ. ಒಮ್ಮೆ ಹೊಂದಿಸಿದರೆ ಅದೇ ಅಳತೆ ಕೊನೆಯವರೆಗೆ ನಡೆಯುತ್ತದೆ.

ಫ್ಲ್ಯಾಶ್ ಅನ್ನು ತೊಟ್ಟಿಯ ಗಾಜಿನ ಮುಚ್ಚಳದ ಮೇಲೆ ಕೆಳಮುಖವಾಗಿ ಇಡಿ. ನಡುವೆ ಒಂದು ಬಿಳಿ ಟ್ರೇಸಿಂಗ್ ಪೇಪರ್ ಇಟ್ಟರೆ ಬೆಳಕು ಮೆತ್ತಗಾಗುತ್ತದೆ. ಕ್ಯಾಮೆರಾ ಮ್ಯಾನುಯಲ್‌ನಲ್ಲಿ, ಶಟರ್ 1/160, ಅಪರ್ಚರ್ ಎಫ್/8, ಐಎಸ್ಒ 200 ಅಥವಾ 400, ಫ್ಲ್ಯಾಶ್ ಶಕ್ತಿ 1/8. ಒಂದು ಫೋಟೋ ತೆಗೆದು ನೋಡಿ. ಕತ್ತಲೆಯಾದರೆ ಫ್ಲ್ಯಾಶ್ ಶಕ್ತಿ ಏರಿಸಿ, ಹೆಚ್ಚಾದರೆ ಇಳಿಸಿ. ಕಡಿಮೆ ಶಕ್ತಿಯಲ್ಲಿ ಫ್ಲ್ಯಾಶ್ ಮಿಂಚುವುದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತು. ಹಾಗಾಗಿ ಮೀನು ಎಷ್ಟೇ ಚುರುಕಾಗಿ ತಿರುಗಿದರೂ ರೆಕ್ಕೆಯ ಗೆರೆಗೆರೆಯೂ ನಿಂತುಬಿಡುತ್ತದೆ. ಕೆಂಚನ ಫೋಟೋಗಳಲ್ಲಿ ಇಲ್ಲದೇ ಹೋದದ್ದು ಇದೇ.

ಹಾಟ್ ಶೂನಲ್ಲಿ ನಡುಚುಕ್ಕೆ ಇಲ್ಲದ ಕ್ಯಾಮೆರಾದವರು, ಕ್ಯಾಮೆರಾದ ಸ್ವಂತ ಚಿಕ್ಕ ಫ್ಲ್ಯಾಶ್ ಎತ್ತಿ, ಮೇಲಿನ ಫ್ಲ್ಯಾಶ್ ಅನ್ನು 'ಸ್ಲೇವ್' ಮೋಡ್‌ನಲ್ಲಿ ಇಡಿ. ಚಿಕ್ಕದರ ಬೆಳಕು ಕಂಡ ಕೂಡಲೇ ದೊಡ್ಡದು ಹಾರುತ್ತದೆ. ಎಸ್1ರಲ್ಲಿ ಸರಿಹೋಗದಿದ್ದರೆ ಎಸ್2 ಪ್ರಯತ್ನಿಸಿ. ಚಿಕ್ಕ ಫ್ಲ್ಯಾಶ್ ನೇರ ಗಾಜಿಗೆ ಬಡಿದು ಹೊಳೆಯದಂತೆ ಅದರ ಮುಂದೆ ಒಂದು ಬಿಳಿ ಕಾಗದ ಓರೆಯಾಗಿ ಹಿಡಿದು ಬೆಳಕನ್ನು ಮೇಲಕ್ಕೆ ತಿರುಗಿಸಿ.

ಒಂದು ಮಾತು ಮರೆಯಬೇಡಿ. ಫ್ಲ್ಯಾಶ್ ಬ್ಯಾಟರಿಯಿಂದ ನಡೆದರೂ ಅದರೊಳಗಿನ ಕೆಪಾಸಿಟರ್‌ನಲ್ಲಿ ನೂರಾರು ವೋಲ್ಟ್ ಇರುತ್ತದೆ. ಮುಚ್ಚಳವಿಲ್ಲದ ತೊಟ್ಟಿಯ ಅಂಚಿನಲ್ಲಿ ಹಾಗೇ ಇಡಬೇಡಿ. ಸ್ಟ್ಯಾಂಡ್‌ಗೆ ಗಟ್ಟಿಯಾಗಿ ಕಟ್ಟಿ. ನೀರಿಗೆ ಕೈ ಹಾಕುವ ಮುನ್ನ ತೊಟ್ಟಿಯ ದೀಪ, ಹೀಟರ್‌ಗಳ ಪ್ಲಗ್ ತೆಗೆಯಿರಿ.

ಗಾಜನ್ನು ಗೆಲ್ಲುವುದು

ಲೆನ್ಸ್ ಗಾಜಿಗೆ ನೇರವಾಗಿರಲಿ. ಓರೆಯಾಗಿ ಹಿಡಿದರೆ ಗಾಜು, ನೀರು ಎರಡೂ ಬೆಳಕನ್ನು ಬಾಗಿಸುತ್ತವೆ, ಮೀನಿನ ಅಂಚಿನಲ್ಲಿ ಬಣ್ಣದ ಗೆರೆ ಬರುತ್ತದೆ, ಎಷ್ಟು ಫೋಕಸ್ ಮಾಡಿದರೂ ಮಸುಕು. ಸಾವಿರಾರು ರೂಪಾಯಿಯ ಲೆನ್ಸ್ ಕೂಡ ಇದನ್ನು ಸರಿಪಡಿಸದು.

ಪ್ರತಿಬಿಂಬಕ್ಕೆ ಕೋಣೆಯ ದೀಪ ಆರಿಸಿ, ಪರದೆ ಎಳೆಯಿರಿ, ಟಿವಿ ಬಂದ್ ಮಾಡಿ. ಕಪ್ಪು ಅಂಗಿ ತೊಡಿ. ಮೆತ್ತನೆಯ ರಬ್ಬರ್ ಹುಡ್ ಸಿಕ್ಕರೆ ಲೆನ್ಸಿಗೆ ಹಾಕಿ ಗಾಜಿಗೆ ಒತ್ತಿ ಹಿಡಿಯಬಹುದು. ಪೋಲರೈಸರ್ ಫಿಲ್ಟರ್‌ಗೆ ಹಣ ಹಾಕಬೇಡಿ. ನೇರವಾಗಿ ಎದುರಿರುವ ಗಾಜಿನ ಹೊಳಪಿಗೆ ಅದು ಕೆಲಸ ಮಾಡುವುದಿಲ್ಲ, ಇರುವ ಬೆಳಕನ್ನೂ ನುಂಗುತ್ತದೆ.

ಒಳಗಿನ ಪಾಚಿಯನ್ನು ಹಿಂದಿನ ದಿನವೇ ಉಜ್ಜಿ ತೆಗೆಯಿರಿ, ಎದ್ದ ಕಸ ಕೂರಲು ಸಮಯ ಸಿಗುತ್ತದೆ. ಹೊರಗಡೆ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಗ್ಲಾಸ್ ಕ್ಲೀನರ್ ಸ್ಪ್ರೇ ತೊಟ್ಟಿಯ ಹತ್ತಿರ ಸುಳಿಯುವುದೇ ಬೇಡ. ಹಿಂಬದಿ ಗಾಜಿಗೆ ಹೊರಗಿನಿಂದ ಕಪ್ಪು ಡ್ರಾಯಿಂಗ್ ಶೀಟ್ ಅಂಟಿಸಿದರೆ ಹಿನ್ನೆಲೆಯೂ ಸಿದ್ಧ.

ಸಾರ್ವಜನಿಕ ಅಕ್ವೇರಿಯಂಗಳಿಗೆ ಹೋದಾಗ ಮಾತ್ರ ನಿಯಮ ಬೇರೆ. ಅಲ್ಲಿ ಸಾಮಾನ್ಯವಾಗಿ ಫ್ಲ್ಯಾಶ್ ಬಳಸಲು ಬಿಡುವುದಿಲ್ಲ. 50 ಎಂಎಂ ಎಫ್/1.8 ಲೆನ್ಸ್ ಇದ್ದರೆ ಅಪರ್ಚರ್ ಎಫ್/2.8 ಮಾಡಿ, ಐಎಸ್ಒ 1600 ಅಥವಾ 3200 ಇಟ್ಟು ದೊಡ್ಡ ಮೀನುಗಳನ್ನು ಹಿಡಿಯಿರಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ

ಮುಂಬೈಯವರಿಗೆ ಫೋರ್ಟ್‌ನ ಬೋರಾ ಬಜಾರ್, ದೆಹಲಿಯವರಿಗೆ ಚಾಂದನಿ ಚೌಕದ ಕೂಚಾ ಚೌಧರಿ, ಹೈದರಾಬಾದಿನವರಿಗೆ ಕೋಠಿಯ ಗುಜರಾತಿ ಗಲ್ಲಿ ಕ್ಯಾಮೆರಾ ಅಂಗಡಿಗಳಿಗೆ ಹೆಸರಾದ ಜಾಗ. ಅಂಗಡಿಯಾದರೂ ಸರಿ, ಆನ್‌ಲೈನ್‌ನಲ್ಲಿ ಸಿಕ್ಕ ವ್ಯಕ್ತಿಯಾದರೂ ಸರಿ, ವಸ್ತುವನ್ನು ಕೈಯಲ್ಲಿ ಹಿಡಿದು ನೋಡದೆ ಹಣ ಕೊಡಬೇಡಿ.

* ಲೆನ್ಸಿನ ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ. ಜೇಡರ ಬಲೆಯಂತಹ ಎಳೆ ಕಂಡರೆ ಅದು ಫಂಗಸ್. ಮುಂಬೈ, ಚೆನ್ನೈನಂತಹ ಕಡಲ ಬದಿಯ ಊರುಗಳಲ್ಲಿ ಇದು ಸಾಮಾನ್ಯ. ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ. ಒಂದೆರಡು ಧೂಳಿನ ಕಣ ಇದ್ದರೆ ತೊಂದರೆಯಿಲ್ಲ.
* ಕ್ಯಾಮೆರಾಕ್ಕೆ ಹಾಕಿ, ಎಫ್/16ರಲ್ಲಿ ಬಿಳಿ ಗೋಡೆಯ ಫೋಟೋ ತೆಗೆಯಿರಿ. ಕಪ್ಪು ಚುಕ್ಕೆ ಕಂಡರೆ ಸೆನ್ಸರ್ ಮೇಲೆ ಧೂಳಿದೆ. ಶುಚಿ ಮಾಡಿಸಬಹುದು, ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.
* ಫೋಕಸ್ ರಿಂಗ್ ಪೂರ್ತಿ ತಿರುಗಿಸಿ. ಎಲ್ಲೂ ಸಿಕ್ಕಿಕೊಳ್ಳಬಾರದು. ಹತ್ತಿರದ, ದೂರದ ವಸ್ತು ಎರಡಕ್ಕೂ ಆಟೋಫೋಕಸ್ ಆಗುತ್ತದೆಯೇ ನೋಡಿ.
* ನಿಮ್ಮ ಫ್ಲ್ಯಾಶ್ ಟ್ರಿಗರ್ ಇದ್ದರೆ ಒಯ್ಯಿರಿ, ಹಾಟ್ ಶೂ ಮೇಲಿಟ್ಟು ಹಾರಿಸಿ ನೋಡಿ.

ಮನೆಗೆ ತಂದ ಮೇಲೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಅಕ್ವೇರಿಯಂ ಕೆಳಗಿನ ಕಪಾಟಿನಲ್ಲಿ ಮಾತ್ರ ಇಡಬೇಡಿ, ಅಲ್ಲಿ ತೇವ ಹೆಚ್ಚು.

ಹಣ ಹಂಚುವುದು ಹೇಗೆ?

ಬೆಲೆ ಊರಿಂದ ಊರಿಗೆ, ವಾರದಿಂದ ವಾರಕ್ಕೆ ಬೇರೆಯಾಗುತ್ತದೆ. ಹಾಗಾಗಿ ರೂಪಾಯಿಗಿಂತ ಪಾಲು ನೆನಪಿಡುವುದು ಒಳ್ಳೆಯದು. ಏನೂ ಇಲ್ಲದೆ ಶುರು ಮಾಡುವವರು ತಮ್ಮ ಬಜೆಟ್ಟನ್ನು ಹತ್ತು ಪಾಲು ಮಾಡಿ. ಕಿಟ್ ಲೆನ್ಸ್ ಸಹಿತ ಹಳೆಯ ಬಾಡಿಗೆ ಐದು ಪಾಲು. ಫ್ಲ್ಯಾಶ್, ಟ್ರಿಗರ್, ಸೆಲ್‌ಗಳಿಗೆ ಎರಡು. 50 ಎಂಎಂ ಮತ್ತು ಟ್ಯೂಬ್‌ಗೆ, ಇಲ್ಲವೇ ಕ್ಲೋಸ್‌ಅಪ್ ಲೆನ್ಸಿಗೆ ಎರಡು. ಉಳಿದ ಒಂದು ಮೆಮೊರಿ ಕಾರ್ಡ್, ಡಬ್ಬ, ಸ್ಟ್ಯಾಂಡ್‌ಗೆ. ಕ್ಯಾಮೆರಾ ಈಗಾಗಲೇ ಇರುವವರು ಮೊದಲು ಫ್ಲ್ಯಾಶ್ ತನ್ನಿ. ಒಂದು ತಿಂಗಳು ಅದರಲ್ಲೇ ಫೋಟೋ ತೆಗೆಯಿರಿ. 'ಇನ್ನೂ ಹತ್ತಿರ ಹೋಗಬೇಕಿತ್ತು' ಎನಿಸಿದರೆ ಟ್ಯೂಬ್. ಟ್ಯೂಬ್ ಹಾಕಿ, ತೆಗೆದು ಬೇಸರ ಬಂದರೆ ಆಗ ಮ್ಯಾಕ್ರೋ ಲೆನ್ಸ್. ಈ ಸಾಲಿನಲ್ಲಿ ಹೋದರೆ ಎಲ್ಲಿ ನಿಂತರೂ ಕೈಯಲ್ಲಿ ಫೋಟೋ ಇರುತ್ತದೆ.

ಮೀನಿಗೆ ತೊಂದರೆಯಾಗದಿರಲಿ

ನಮ್ಮ ಹವ್ಯಾಸಕ್ಕೆ ಮೀನು ಬೆಲೆ ತೆರಬಾರದು. ಕತ್ತಲೆಯಲ್ಲಿದ್ದ ತೊಟ್ಟಿಗೆ ಏಕಾಏಕಿ ಫ್ಲ್ಯಾಶ್ ಹಾರಿಸಿದರೆ ಮೀನು ಬೆಚ್ಚಿ ಗಾಜಿಗೆ, ಕಲ್ಲಿಗೆ ಬಡಿದುಕೊಳ್ಳಬಹುದು. ಅರ್ಧ ಗಂಟೆ ಮೊದಲೇ ತೊಟ್ಟಿಯ ದೀಪ ಹಾಕಿಡಿ, ಫೋಟೋ ತೆಗೆಯುವಾಗಲೂ ಉರಿಯುತ್ತಿರಲಿ. ಗಾಜು ಬಡಿಯಬೇಡಿ. ನೀರಿನ ಗುಳ್ಳೆ, ಕಸ ನಿಲ್ಲಲೆಂದು ಫಿಲ್ಟರ್ ಆರಿಸುವುದಾದರೆ ಹತ್ತು, ಹದಿನೈದು ನಿಮಿಷ ಮಾತ್ರ. ಆರಿಸುವ ಮೊದಲೇ ಮೊಬೈಲ್‌ನಲ್ಲಿ ಅಲಾರಂ ಇಡಿ. ಫೋಟೋ ನೋಡುತ್ತ ಕೂತರೆ ಫಿಲ್ಟರ್ ನೆನಪಾಗುವುದು ಮರುದಿನ ಬೆಳಗ್ಗೆಯೇ. ಹೊಸದಾಗಿ ತಂದ ಮೀನಿಗೆ, ಕಾಯಿಲೆ ಬಿದ್ದ ಮೀನಿಗೆ ಕೆಲವು ದಿನ ಬಿಡುವು ಕೊಡಿ.

ಮೀನನ್ನು ಅಟ್ಟಿಸಿಕೊಂಡು ಹೋಗುವ ಬದಲು ಅದು ದಿನಾ ಸುತ್ತುವ ದಾರಿ ಗಮನಿಸಿ. ಒಂದು ಗಿಡದ ಪಕ್ಕ ಫೋಕಸ್ ಇಟ್ಟು ಕಾಯಿರಿ. ಅದು ಅಲ್ಲಿಗೆ ಬಂದೇ ಬರುತ್ತದೆ. ಕಣ್ಣು ಸ್ಪಷ್ಟವಾಗಿ ಕಂಡಾಗ ಕ್ಲಿಕ್ಕಿಸಿ. ನೂರರಲ್ಲಿ ಐದು ಚೆನ್ನಾಗಿ ಬಂದರೆ ಆ ಸಂಜೆ ಸಾರ್ಥಕ.

ನಮ್ಮ ಮನೆಯಲ್ಲಿ ಈಗ ಇನ್ನೊಂದು ಫೈಟರ್ ಇದೆ, ನೀಲಿಯದು. ಅದು ಬಂದ ಎರಡನೇ ವಾರಕ್ಕೇ ಹಳೆಯ ಕಿಟ್ ಲೆನ್ಸ್, ಮೇಲೊಂದು ಫ್ಲ್ಯಾಶ್ ಇಟ್ಟು ಫೋಟೋ ತೆಗೆದು ಗೋಡೆಗೆ ಹಾಕಿದ್ದೇವೆ. ಮಗಳು ನೋಡಿ ಚೆನ್ನಾಗಿದೆ ಎಂದಳು. ಆಮೇಲೆ 'ಕೆಂಚನದೂ ಹೀಗೇ ತೆಗೀಬಹುದಿತ್ತಲ್ಲ ಅಪ್ಪ?' ಎಂದು ಕೇಳಿದಳು. ತೆಗೆಯಬಹುದಿತ್ತು. ನಿಮ್ಮ ತೊಟ್ಟಿಯಲ್ಲಿರುವ ಮೀನಿನ ಫೋಟೋವನ್ನು ಇರುವ ಕ್ಯಾಮೆರಾದಲ್ಲೇ ಈ ಭಾನುವಾರ ತೆಗೆದುಬಿಡಿ. ಲೆನ್ಸ್ ಆಮೇಲೆ ಬರಲಿ.